ಎರೆನಾಡಿನ ಗೋಡೆಗೆ ಹಕ್ಕಿ ಬರೆಯುವುದು: ನನ್ನ ಅನುಭವ

ಗೋಡೆ ನೋಡದೆ ಹಕ್ಕಿ ಆರಿಸಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಗೋಡೆಗಳಿಗೆ ಮೂರು ಕಾಟ: ಬಿಸಿಲು, ಉಪ್ಪು, ಎರೆಮಣ್ಣು ತರುವ ಬಿರುಕು. ಇವು ಆ ಗೋಡೆಯಲ್ಲಿ ಎಷ್ಟೆಷ್ಟಿವೆ ಎಂದು ಗೊತ್ತಾದ ಮೇಲೆಯೇ ನಾನು ಯಾವ ಹಕ್ಕಿ, ಎಲ್ಲಿ ಕೂರಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ತೀರ್ಮಾನಿಸುವುದು. ಕಾಗದದ ಮೇಲೆ ಚೆಂದ ಬರೆದು ತಂದು ಸಿಕ್ಕ ಗೋಡೆಗೆ ಏರಿಸಿದರೆ ಎರಡು ಬೇಸಿಗೆಯಲ್ಲಿ ಕೊಕ್ಕು ಒಂದು ಕಡೆ, ಕಣ್ಣು ಒಂದು ಕಡೆ ಆಗುತ್ತದೆ.

ಅನುಮತಿ ಪತ್ರ ಕೈಯಲ್ಲಿಲ್ಲದೆ ಬ್ರಷ್ ತೆಗೆಯಬೇಡಿ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ಚಂದದ ಚಿತ್ರಕ್ಕೂ ಅನ್ವಯಿಸುತ್ತದೆ. ಶಾಲೆಯ ಗೋಡೆಯಾದರೆ ಶಾಲೆಯಿಂದ, ರಸ್ತೆ ಬದಿಯದಾದರೆ ಪಾಲಿಕೆ ಅಥವಾ ನಗರಸಭೆಯಿಂದ, ಖಾಸಗಿಯಾದರೆ ಮನೆಯವರಿಂದಲೂ ಬರೆಸಿಕೊಳ್ಳಿ.

ಗೋಡೆಯ ಪರೀಕ್ಷೆಗೆ ಸಾಮಾನು ಹೆಚ್ಚು ಬೇಕಿಲ್ಲ. ಕಪ್ಪು ಬಟ್ಟೆಯಿಂದ ಒರೆಸಿ. ಬಿಳಿ ಪುಡಿ ಅಂಟಿದರೆ ಹಳೇ ಸುಣ್ಣ ಇನ್ನೂ ಇದೆ. ಅದರ ಮೇಲೆ ಎಮಲ್ಷನ್ (ನೀರಿನಲ್ಲಿ ಬೆರೆಯುವ ಬಣ್ಣ) ಹೊಡೆದರೆ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು. ಒಂದು ಮಳೆಗಾಲ ಕಳೆದರೆ ಹಪ್ಪಳದಂತೆ ಏಳುತ್ತದೆ. ಅಗಲ ಟೇಪು ಅಂಟಿಸಿ ಒಮ್ಮೆಲೇ ಕೀಳಿ. ಟೇಪಿನ ಜೊತೆ ಪದರ ಬಂದರೆ ಪೂರ್ತಿ ಕೆರೆಯಲೇಬೇಕು. ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಎರಡು ದಿನ ಒಣಗಲು ಬಿಡುತ್ತೇನೆ. ಸಂಡೂರು, ಹೊಸಪೇಟೆ ದಾರಿಯ ಗೋಡೆಗಳಲ್ಲಿ ಅದಿರಿನ ಕೆಂಪು ಧೂಳು ಗಾರೆಯ ರಂಧ್ರದೊಳಗೇ ಕೂತಿರುತ್ತದೆ. ತೊಳೆಯದೆ ಬಿಳಿ ಹೊಡೆದರೆ ಗುಲಾಬಿಯಾಗುತ್ತದೆ. ಹೊಸ ಸಿಮೆಂಟ್ ಗಿಲಾವು ಆಗಿದ್ದರೆ ನೀರುಣಿಸಿ 28 ದಿನ ಕಳೆಯುವವರೆಗೆ ಮುಟ್ಟುವಂತಿಲ್ಲ. ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ.

ಉಪ್ಪಿನ ವಿಷಯದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಸಿಂಧನೂರು, ಸಿರುಗುಪ್ಪದಂಥ ಕಾಲುವೆ ನೀರಾವರಿಯ ಸವಳು ನೆಲದಲ್ಲಿ ಗೋಡೆಯ ಬುಡದಲ್ಲಿ ಬಿಳಿ ಹತ್ತಿಯಂತೆ ಉಪ್ಪು ಅರಳುತ್ತದೆ. ಅದನ್ನು ನೀರು ಹಾಕಿ ತೊಳೆಯಬಾರದು. ಉಪ್ಪು ಕರಗಿ ಒಳಗೆ ಹೋಗಿ, ಬಣ್ಣ ಒಣಗಿದ ಮೇಲೆ ಅದನ್ನು ಹಿಂದಿನಿಂದ ತಳ್ಳಿಕೊಂಡು ಹೊರಬರುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ, ವಾರ ಬಿಟ್ಟು ನೋಡಿ, ಮತ್ತೆ ಗುಡಿಸಿ. ಅಷ್ಟಾದರೂ ನೆಲದಿಂದ ಎರಡು ಅಡಿಯವರೆಗೆ ನಾನು ಹಕ್ಕಿಯ ಯಾವ ಭಾಗವನ್ನೂ ಇಳಿಸುವುದಿಲ್ಲ. ಅಲ್ಲಿ ಕೆಮ್ಮಣ್ಣಿನ ಬಣ್ಣದ ಪಟ್ಟಿ ಅಷ್ಟೇ. ಎಲೆಅಡಿಕೆ ಉಗುಳೂ ಅದರಲ್ಲಿ ಎದ್ದು ಕಾಣುವುದಿಲ್ಲ, ವರ್ಷಕ್ಕೊಮ್ಮೆ ಅರ್ಧ ಲೀಟರ್ ಬಣ್ಣದಲ್ಲಿ ಮತ್ತೆ ಹೊಡೆದರೆ ಮುಗಿಯಿತು. ಬಣ್ಣಕ್ಕೆ ಬೆರೆಸುವ ನೀರೂ ಸವಳು ಬೋರ್‌ವೆಲ್‌ನದಾಗಬಾರದು. ಕುಡಿಯುವ ನೀರಿನ ಕ್ಯಾನ್ ಒಂದು ತಂದಿಟ್ಟುಕೊಳ್ಳುತ್ತೇನೆ.

ಇನ್ನು ಬಿರುಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಮೇಲಿನ ಗೋಡೆ ಅದರ ಜೊತೆ ಆಡುತ್ತದೆ. ಏಪ್ರಿಲ್-ಮೇನಲ್ಲಿ ಬೆರಳು ತೂರುವ ಬಿರುಕು ಸೆಪ್ಟೆಂಬರ್ ಹೊತ್ತಿಗೆ ಕೂದಲೆಳೆಯಾಗಿರುತ್ತದೆ. ಇಂಥದಕ್ಕೆ ಸಿಮೆಂಟ್ ಅಥವಾ ವಾಲ್ ಪುಟ್ಟಿ ತುಂಬಿದರೆ ಫಲವಿಲ್ಲ. ಬಿರುಕು ತೆರೆದಿದ್ದಾಗ ತುಂಬಿದ ಗಟ್ಟಿ ವಸ್ತು ಮುಚ್ಚುವಾಗ ಅಂಚನ್ನು ಒಡೆಯುತ್ತದೆ, ಮುಚ್ಚಿದ್ದಾಗ ತುಂಬಿದ್ದು ತೆರೆಯುವಾಗ ಬಿಟ್ಟುಕೊಳ್ಳುತ್ತದೆ. ನಾನು ಡಿಸೆಂಬರ್-ಜನವರಿಯಲ್ಲಿ, ಬಿರುಕು ನಡುಮಟ್ಟದಲ್ಲಿರುವಾಗ, ಉಳಿಯಿಂದ ಅರ್ಧ ಇಂಚು ಆಳಕ್ಕೆ ಇಳಿಜಾರಾಗಿ ಕೆತ್ತಿ, ಧೂಳು ತೆಗೆದು, ರಬ್ಬರಿನಂತೆ ಎಳೆದರೆ ಬರುವ ಅಕ್ರಿಲಿಕ್ ಸೀಲೆಂಟ್ ತುಂಬುತ್ತೇನೆ. ಬಿರುಕು ಜೀವಂತವೋ ಸತ್ತದ್ದೋ ತಿಳಿಯಲು ಅದರ ಎರಡೂ ಬದಿಗೆ ಪೆನ್ಸಿಲ್ ಗೆರೆ ಹಾಕಿ, ನಡುವಿನ ಅಂತರ ಮತ್ತು ತಾರೀಖು ಬರೆದಿಡಿ. ಎರಡು ತಿಂಗಳಿಗೆ ಅಳೆದರೆ ಗೊತ್ತಾಗುತ್ತದೆ.

ಅಷ್ಟು ಮಾಡಿದರೂ ಜೀವಂತ ಬಿರುಕು ಮತ್ತೆ ಮುಖ ತೋರಿಸುತ್ತದೆ. ಹಾಗಾಗಿ ಚಿತ್ರವನ್ನೇ ಬಿರುಕಿಗೆ ಹೊಂದಿಸುತ್ತೇನೆ. ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆ ಏರುವ ಬಿರುಕು ಜಾಲಿಯ ಒಣ ಕೊಂಬೆಯಾಗುತ್ತದೆ. ನೇರ ನಿಂತದ್ದು ಜೊಂಡಿನ ಕಡ್ಡಿ. ಬಿರುಕು ಮತ್ತೆ ತೆರೆದರೂ ಕೊಂಬೆಯ ತೊಗಟೆಯಲ್ಲಿ ಸೇರಿಹೋಗುತ್ತದೆ, ಕಂದು ಬಣ್ಣ ಎರಡು ಎಳೆ ಎಳೆದರೆ ಸಾಕು. ಕಣ್ಣು, ಕೊಕ್ಕು, ಕಾಲ್ಬೆರಳು ಈ ಮೂರನ್ನು ಮಾತ್ರ ಬಿರುಕಿನಿಂದ ಕನಿಷ್ಠ ಒಂದು ಅಡಿ ದೂರ ಇಡಿ.

ಯಾವ ಹಕ್ಕಿ? ಈ ಸೀಮೆಯ ಹಕ್ಕಿಯನ್ನೇ ಬರೆಯಬೇಕೆಂಬುದು ನನ್ನ ಹಟ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿದೆ. ಬಣ್ಣದ ಕೊಕ್ಕರೆ, ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ಕಣ್ಣೆದುರೇ ಇರುವಾಗ ಗೋಡೆಗೆ ದೂರದೇಶದ ಮಕಾವ್ ಗಿಣಿ ಯಾಕೆ? ಆರು ಅಡಿ ಎತ್ತರದ ಉದ್ದನೆಯ ಕಾಂಪೌಂಡಿಗೆ ಬಣ್ಣದ ಕೊಕ್ಕರೆ ಹೇಳಿ ಮಾಡಿಸಿದಂತಿದೆ. ಅದರ ನಿಜವಾದ ಎತ್ತರವೇ ಮೂರು ಅಡಿ ದಾಟುತ್ತದೆ, ಕೆಳಗಿನ ಪಟ್ಟಿ ಬಿಟ್ಟು ಉಳಿದದ್ದರಲ್ಲಿ ಜೀವದ ಅಳತೆಯಲ್ಲೇ ನಿಲ್ಲಿಸಬಹುದು. ಸಿರುಗುಪ್ಪದ ಬಯಲಿನ ಎರೆಭೂತವನ್ನೂ, ಅಂದರೆ ಹೆಬ್ಬಕವನ್ನೂ, ಹೀಗೆಯೇ ನಿಜದ ಅಳತೆಯಲ್ಲಿ ಬರೆಯಬೇಕು. ಅಳಿವಿನಂಚಿನ ಆ ಹಕ್ಕಿ ಎಷ್ಟು ದೊಡ್ಡದು ಎಂಬುದು ಪಕ್ಕದಲ್ಲಿ ನಿಂತ ಮಗುವಿಗೆ ತನ್ನ ಎತ್ತರದಿಂದಲೇ ತಿಳಿಯಲಿ. ಎತ್ತರದ, ಅಗಲ ಕಡಿಮೆಯ ಗೋಡೆಗೆ ಒಂಟಿ ನೀಲಕಂಠ ಅಥವಾ ಚಂದ್ರಮುಕುಟ.

ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೂಡಣ ಗೋಡೆಗೆ ಸಂಜೆ, ಪಡುವಣ ಗೋಡೆಗೆ ಬೆಳಗ್ಗೆ. ತೆಂಕಣ ಗೋಡೆ ಮೋಸ ಮಾಡುತ್ತದೆ: ಸೂರ್ಯ ದಕ್ಷಿಣಕ್ಕೆ ವಾಲಿರುವ ಚಳಿಗಾಲದಲ್ಲೇ ಅದಕ್ಕೆ ದಿನವಿಡೀ ಬಿಸಿಲು, ಸೂರ್ಯ ನೆತ್ತಿಗೆ ಬರುವ ಏಪ್ರಿಲ್ ಕೊನೆಯಲ್ಲಿ ಕಡಿಮೆ. ಅಂಗೈ ಗೋಡೆಗೆ ಒತ್ತಿ ಹತ್ತು ಎಣಿಸುವವರೆಗೆ ಇಡಲಾಗದಿದ್ದರೆ ಆ ಹೊತ್ತಿಗೆ ಬಣ್ಣ ಬೇಡ. ಬಿಸಿ ಗೋಡೆಯಲ್ಲಿ ನೀರು ಹಾರಿಹೋಗಿ, ಬಣ್ಣದ ಅಂಟು ಒಂದಕ್ಕೊಂದು ಕೂಡಿಕೊಳ್ಳುವ ಮೊದಲೇ ಪದರ ಒಣಗುತ್ತದೆ. ಬ್ರಷ್ ಹೋದ ಕಡೆಯೆಲ್ಲ ಗೆರೆ ನಿಲ್ಲುತ್ತದೆ, ಆಮೇಲೆ ಪುಡಿ ಉದುರುತ್ತದೆ.

20 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ನನ್ನ ಲೆಕ್ಕ: ಎಕ್ಸ್‌ಟೀರಿಯರ್ ಪ್ರೈಮರ್ 2 ಲೀಟರ್, ಹಿನ್ನೆಲೆಗೆ ಎಕ್ಸ್‌ಟೀರಿಯರ್ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್‌ಗೆ 4 ಲೀಟರ್, ಗಿಲಾವು ಒರಟಾಗಿದ್ದರೆ 5. ಹಕ್ಕಿಗೆ ಬಿಳಿ 1 ಲೀಟರ್, ಕಡುನೀಲಿ 1 ಲೀಟರ್, ಕಂದು ಅರ್ಧ, ಕಪ್ಪು 200 ಮಿಲಿ. ಹಿನ್ನೆಲೆಗೆ ಲೀಟರಿಗೆ 300-400 ಮಿಲಿ ನೀರು, ಗರಿ ಬರೆಯುವ ಬಣ್ಣಕ್ಕೆ 100-150 ಮೀರಬಾರದು. 4 ಇಂಚಿನ ಬ್ರಷ್ ಒಂದು, 2 ಇಂಚಿನದು ಎರಡು, 1 ಇಂಚಿನ ಚಪ್ಪಟೆ ಬ್ರಷ್ ಮೂರು, ಗೆರೆಗೆ 6ನೇ ನಂಬರಿನ ದುಂಡು ಬ್ರಷ್.

ಕಡು ಬಣ್ಣ ಬೇಕೆಂದು ಬಿಳಿಗೆ ಸ್ಟೇನರ್ (ಬಣ್ಣ ಬರಿಸಲು ಬೆರೆಸುವ ಗಾಢ ದ್ರವ) ಸುರಿಯುತ್ತಾ ಹೋಗುವುದು ದೊಡ್ಡ ತಪ್ಪು. ಲೀಟರಿಗೆ 30 ಮಿಲಿ ದಾಟಿದರೆ ಸರಿಯಾಗಿ ಒಣಗುವುದಿಲ್ಲ, ಮೊದಲ ಮಳೆಗೆ ನೀಲಿ ನೀರು ಇಳಿಯುತ್ತದೆ. ಕಡುನೀಲಿಯನ್ನು ಅಂಗಡಿಯ ಮಷಿನ್‌ನಲ್ಲಿ, ಹೊರಗೋಡೆಗೆ ಎಂದು ಹೇಳಿ ಮಿಕ್ಸ್ ಮಾಡಿಸಿ. ಥ್ಯಾಲೊ ನೀಲಿ ನಂಬಬಹುದಾದದ್ದು. ಪ್ರಷ್ಯನ್ ನೀಲಿ ಸಿಮೆಂಟಿನ ಕ್ಷಾರಕ್ಕೆ ಕಂದಿಹೋಗುತ್ತದೆ. ಬಿಸಿಲಿಗೆ ಜಗ್ಗದವು ಕಬ್ಬಿಣದ ಆಕ್ಸೈಡ್ ಬಣ್ಣಗಳು: ಕೆಂಪು, ಹಳದಿ, ಕಂದು, ಕಪ್ಪು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇಂದಿಗೂ ಉಳಿದಿರುವ ಚಿತ್ರಗಳೂ ಕೆಮ್ಮಣ್ಣಿನವೇ. ಕೊಕ್ಕರೆಯ ರೆಕ್ಕೆಯ ಬಾಲದ ಕಡೆಯಿರುವ ಗುಲಾಬಿ ಮಾತ್ರ ಆಕ್ಸೈಡಿನಿಂದ ಬರುವುದಿಲ್ಲ, ಇಟ್ಟಿಗೆ ಬಣ್ಣವಾಗುತ್ತದೆ. ಬೆರೆಸಿದ ಗುಲಾಬಿಯೋ ಎಲ್ಲಕ್ಕಿಂತ ಮೊದಲು ಬಿಳಚಿಕೊಳ್ಳುವ ಬಣ್ಣ. ಅದಕ್ಕೆ ನಾನು ಗುಲಾಬಿಯನ್ನು ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಗಾಢ ಇಡುತ್ತೇನೆ, ಸಾಧ್ಯವಿದ್ದರೆ ಕೊಕ್ಕರೆಗಳನ್ನು ಬಡಗಣ ಗೋಡೆಗೇ ಉಳಿಸುತ್ತೇನೆ.

ಚಿತ್ರ ಏರಿಸಲು ಚೌಕದ ಹಳೇ ಪದ್ಧತಿ ಸಾಕು. ತೂಗುಗುಂಡು ಬಿಟ್ಟು ಒಂದು ನೇರ ಗೆರೆ, ನೀರು ತುಂಬಿದ ಲೆವೆಲ್ ಪೈಪಿನಿಂದ ಒಂದು ಅಡ್ಡ ಗೆರೆ. ಆಮೇಲೆ ನೀಲಿ ಪುಡಿ ಹಚ್ಚಿದ ದಾರ ಬಿಗಿಹಿಡಿದು ಚಿಮ್ಮಿಸಿ ಒಂದೊಂದು ಅಡಿಯ ಚೌಕ. ನೀಲಕಂಠ ಸುಮಾರು 31 ಸೆಂ.ಮೀ. ಹಕ್ಕಿ, 9 ಅಡಿಗೆ ಏರಿಸಿದರೆ ಒಂಬತ್ತು ಪಟ್ಟು, ಫೋಟೋದ ಚೌಕವನ್ನು ಅದೇ ಲೆಕ್ಕದಲ್ಲಿ ಹಾಕಿ. ಇದ್ದಲಿನಲ್ಲಿ ಬರೆದರೆ ಮಸಿ ತಿಳಿ ಬಣ್ಣಕ್ಕೆ ಕಲಸಿಕೊಳ್ಳುತ್ತದೆ. ನೀರು ನೀರಾದ ಹಳದಿ ಆಕ್ಸೈಡಿನಲ್ಲಿ ಸಣ್ಣ ಬ್ರಷ್ ಹಿಡಿದು ಬರೆಯಿರಿ. ತಪ್ಪಿದರೆ ಒರೆಸಬಹುದು, ಉಳಿದರೆ ಮುಚ್ಚಿಹೋಗುತ್ತದೆ. ಗೆರೆ ಮುಗಿದ ಮೇಲೆ ರಸ್ತೆಯ ಆಚೆ ದಡಕ್ಕೆ ಹೋಗಿ ನೋಡಿ. ಹತ್ತು ಮೀಟರ್ ದೂರದಿಂದ ಮೂರು ಮಿಲಿಮೀಟರಿಗಿಂತ ಸಣ್ಣದು ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಗರಿಯ ಒಂದೊಂದು ಎಳೆ ಬಿಡಿಸುತ್ತಾ ಕೂರುವ ಹೊತ್ತನ್ನು ಗರಿಗಳ ಅಂಚಿಗೆ ಕೊಡಿ.

ನೀಲಕಂಠ ನಮ್ಮ ರಾಜ್ಯದ ಹಕ್ಕಿ, ಆದರೆ ಗೋಡೆಗಳ ಮೇಲೆ ಅದು ಸರಿಯಾಗಿ ಬಂದಿರುವುದು ಅಪರೂಪ. ಇಂಟರ್‌ನೆಟ್‌ನಿಂದ ತೆಗೆದ ಚಿತ್ರ ನೋಡಿ ಬರೆಯುವವರು ಹೆಚ್ಚಾಗಿ ಆಫ್ರಿಕಾದ ಸಂಬಂಧಿಯನ್ನು ಬರೆದಿರುತ್ತಾರೆ: ಬಾಲದ ಎರಡು ಬದಿಗೆ ಕಡ್ಡಿಯಂತೆ ಉದ್ದ ಗರಿ. ನಮ್ಮದಕ್ಕೆ ಅದಿಲ್ಲ. ಎದೆ ನೀಲಿ ಮಾಡಿದರೆ ಅದು ಯುರೋಪಿನದು. ನಮ್ಮ ಹಕ್ಕಿಯ ಎದೆ ಗುಲಾಬಿ ಬೆರೆತ ಕಂದು, ಗಂಟಲಲ್ಲಿ ತೆಳು ಬಿಳಿ ಗೀರುಗಳು, ನೆತ್ತಿ ಹಸಿರು ಮಿಶ್ರಿತ ನೀಲಿ, ಬೆನ್ನು ಮಾಸಲು ಕಂದು. ಕೂತಾಗ ನೀಲಿ ಕಾಣುವುದು ಮಡಿಚಿದ ರೆಕ್ಕೆಯಲ್ಲಿ, ಹೊಟ್ಟೆಯಲ್ಲಿ, ಬಾಲದಲ್ಲಿ. ಹಾರಿದಾಗ ರೆಕ್ಕೆಯಲ್ಲಿ ಕಡುನೀಲಿ, ತಿಳಿನೀಲಿ ಪಟ್ಟೆಗಳು ತೆರೆದುಕೊಳ್ಳುತ್ತವೆ. ಜಾಗ ಇದ್ದರೆ ಹಾರುವ ಭಂಗಿಯನ್ನೇ ಆರಿಸಿ.

ಆ ನೀಲಿಯನ್ನು ತರುವುದು ಹೀಗೆ. ಗರಿಯಲ್ಲಿ ನೀಲಿ ಬಣ್ಣದ ವಸ್ತು ಇಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ, ಹಿಂದಿರುವ ಕಪ್ಪು ಮೆಲನಿನ್ ಉಳಿದ ಬೆಳಕನ್ನು ನುಂಗುತ್ತದೆ. ಗೋಡೆಯಲ್ಲೂ ಅದೇ ಕ್ರಮ ಅನುಸರಿಸುತ್ತೇನೆ. ರೆಕ್ಕೆಯ ಪೂರ್ತಿ ಜಾಗಕ್ಕೆ ಮೊದಲು ಕಡುನೀಲಿಗೆ ಐದನೇ ಒಂದು ಭಾಗ ಕಪ್ಪು ಸೇರಿಸಿ ಒಂದು ಕೋಟ್. ನಾಲ್ಕು ತಾಸು ಒಣಗಲಿ. ಆಮೇಲೆ ಹೆಂಚು ಹೊದಿಸುವಂತೆ ಕೆಳಗಿನಿಂದ ಮೇಲಕ್ಕೆ, ಅಂದರೆ ರೆಕ್ಕೆಯ ತುದಿಯಿಂದ ಹೆಗಲ ಕಡೆಗೆ ಗರಿ ಜೋಡಿಸುತ್ತಾ ಬನ್ನಿ. ಮೇಲಿನ ಗರಿ ಕೆಳಗಿನದರ ಬುಡ ಮುಚ್ಚುತ್ತದೆ. ಚಪ್ಪಟೆ ಬ್ರಷ್‌ನ ಒಂದು ಮೂಲೆಗೆ ಕಡುನೀಲಿ, ಇನ್ನೊಂದಕ್ಕೆ ತಿಳಿನೀಲಿ ಅದ್ದಿ, ಗರಿಯ ಬುಡದಲ್ಲಿ ಒತ್ತಿ, ತುದಿಗೆ ಬರುತ್ತಾ ಹಗುರ ಮಾಡಿ ಎತ್ತಿಬಿಡಿ. ಒಂದು ಎಳೆತಕ್ಕೆ ಒಂದು ಗರಿ. ಎರಡನೇ ಸಲ ಅದರ ಮೇಲೆ ಬ್ರಷ್ ಆಡಿಸಿದರೆ ಎರಡು ಬಣ್ಣ ಕಲಸಿ ಮಣ್ಣಾಗುತ್ತದೆ. ಗರಿ ಗರಿಯ ನಡುವೆ ಅಡಿಯ ಕಪ್ಪುನೀಲಿ ಕೂದಲೆಳೆಯಷ್ಟು ಬಿಡಿ. ದೂರಕ್ಕೆ ಹೊಳಪು ಕೊಡುವುದು ಆ ಬಿಟ್ಟ ಜಾಗವೇ. ರೆಕ್ಕೆಯ ತುದಿಯ ಉದ್ದ ಗರಿ ಹತ್ತು, ಬಾಲದ ಗರಿ ಹನ್ನೆರಡು, ಎಣಿಸಿಯೇ ಬರೆಯಿರಿ.

ಕಣ್ಣಿನ ಹೊಳಪಿನ ಬಿಳಿ ಚುಕ್ಕೆ ಗೋಡೆಗೆ ನಿಜವಾಗಿ ಬೆಳಕು ಬರುವ ಕಡೆಗಿರಲಿ. ಕಾಲ್ಬೆರಳಲ್ಲೂ ತಪ್ಪುವವರು ಬಹಳ: ನೀಲಕಂಠಕ್ಕೆ ಮುಂದೆ ಮೂರು, ಹಿಂದೆ ಒಂದು, ಗಿಣಿಗೆ ಮುಂದೆ ಎರಡು, ಹಿಂದೆ ಎರಡು, ಮಿಂಚುಳ್ಳಿಯ ಮುಂದಿನ ಬೆರಳುಗಳು ಬುಡದಲ್ಲಿ ಅಂಟಿಕೊಂಡಿರುತ್ತವೆ.

ಸ್ಪ್ರೇ ಕ್ಯಾನನ್ನು ಹೊಟ್ಟೆಯ ಮೆತ್ತನೆ ತುಪ್ಪಳಕ್ಕೆ ಮಾತ್ರ ಬಳಸುತ್ತೇನೆ. ಜೂನ್-ಆಗಸ್ಟ್‌ನ ಗಾಳಿಗೆ ಅರ್ಧ ಬಣ್ಣ ಪಕ್ಕದವರ ಗಾಡಿಗೆ ಹೋಗುತ್ತದೆ. ಕ್ಯಾನಿನ ಮೇಲೆ 50 ಡಿಗ್ರಿ ಮೀರದಂತೆ ಇಡಿ ಎಂದು ಬರೆದಿರುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದು ಬೇಗ ಮೀರುತ್ತದೆ, ಕ್ಯಾನ್ ಸಿಡಿಯುತ್ತದೆ. ಮೇಲೆ ಪಾರದರ್ಶಕ ವಾರ್ನಿಷ್ ಹೊಡೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಬುಡದಲ್ಲಿ ತೇವ ಇರುವ ಗೋಡೆಗೆ ನಾನು ಹೊಡೆಯುವುದಿಲ್ಲ, ಒಳಗಿನ ನೀರಿಗೆ ದಾರಿ ಕಟ್ಟಿ ಗುಳ್ಳೆ ಏಳುತ್ತದೆ. ಒಣ ಗೋಡೆಗಾದರೆ ವಾರ ಬಿಟ್ಟು, ನೀರಿನಲ್ಲಿ ಬೆರೆಯುವ ಮ್ಯಾಟ್ ಕೋಟ್ ಒಂದು ಸಾಕು.

ಮಣ್ಣು ತಡೆಯುವ ಗೋಡೆಗಳಲ್ಲಿ ನೀರು ಹೊರಬರಲು ಬಿಟ್ಟ ಪೈಪಿನ ತೂತುಗಳನ್ನು ಚಿತ್ರಕ್ಕೆ ಅಡ್ಡ ಎಂದು ಮುಚ್ಚಬೇಡಿ. ನೀರು ಕಟ್ಟಿಕೊಂಡು ಬಣ್ಣವನ್ನಷ್ಟೇ ಅಲ್ಲ, ಗೋಡೆಯನ್ನೂ ನೂಕುತ್ತದೆ. ಅವುಗಳಲ್ಲಿ ಗೊರವಂಕ ಗೂಡು ಕಟ್ಟಿರುವುದೂ ಉಂಟು. ಗೂಡಿದ್ದರೆ ಮರಿ ಹಾರಿಹೋಗುವವರೆಗೆ ಆ ಭಾಗದ ಕೆಲಸ ನಿಲ್ಲಿಸಿ, ಬೇರೆ ತುದಿಯಿಂದ ಶುರು ಮಾಡುತ್ತೇನೆ.

ಕೆಲಸ ಮುಗಿದ ದಿನ ಒಂದೊಂದು ಬಣ್ಣವನ್ನು 100 ಮಿಲಿಯಷ್ಟು ಬಿಗಿ ಮುಚ್ಚಳದ ಬಾಟಲಿಗೆ ಕಂಠಮಟ್ಟ ತುಂಬಿ, ಯಾವುದಕ್ಕೆ ಎಷ್ಟು ಬೆರೆಸಿದ್ದು, ಯಾವ ಭಾಗಕ್ಕೆ ಹೊಡೆದದ್ದು ಎಂದು ಚೀಟಿ ಅಂಟಿಸಿ ಗೋಡೆಯವರ ಕೈಗೇ ಕೊಡುತ್ತೇನೆ. ಮರುವರ್ಷ ಮೇ ತಿಂಗಳಲ್ಲಿ, ಬಿರುಕು ಪೂರ್ತಿ ತೆರೆದಿರುವಾಗ, ಹೋಗಿ ಅಳೆದು, ಮಳೆ ಹಿಡಿಯುವ ಮೊದಲು ಬುಡದ ಪಟ್ಟಿ, ಕೊಂಬೆಯ ತೊಗಟೆ ಮತ್ತು ಕಣ್ಣಿನ ಬಿಳಿ ಚುಕ್ಕೆ ತಿದ್ದಿ ಬರುತ್ತೇನೆ.