ಲೆನ್ಸಿಗೊಂದು ಸ್ವೆಟರು

ರಾತ್ರಿ ಆಕಾಶದ ಫೋಟೊ ತೆಗೆದು ಹೊಟ್ಟೆ ಹೊರೆಯುವವರಿಗೆ ಮೋಡಕ್ಕಿಂತ ಇಬ್ಬನಿ ಕೆಟ್ಟದ್ದು. ಮೋಡ ಕಂಡರೆ ಗಾಡಿ ತಿರುಗಿಸಬಹುದು. ಲೆನ್ಸಿನ ಗಾಜಿನ ಮೇಲೆ ಕೂಡುವ ಇಬ್ಬನಿ ಕತ್ತಲಲ್ಲಿ ಗೊತ್ತೇ ಆಗುವುದಿಲ್ಲ. ಮಹಾರಾಷ್ಟ್ರದ ಭಂಡಾರದರಾದಲ್ಲಿ ಡಿಸೆಂಬರ್ 14ರ ಜೆಮಿನಿಡ್ ಉಲ್ಕೆಗಳಿಗೆ ಹಚ್ಚಿಟ್ಟ ಕ್ಯಾಮೆರಾದಲ್ಲಿ ರಾತ್ರಿ ಒಂದೂವರೆಯಿಂದಾಚೆಗಿನ ನಾನೂರು ಚಿಲ್ಲರೆ ಫ್ರೇಮ್ ಹಾಲು ಬಳಿದಂತಿದ್ದವು. ಸುಮಾರು 18,000 ರೂಪಾಯಿಯ ಆರ್ಡರ್ ಹೋಯಿತು, ಪೆಟ್ರೋಲ್ ಖರ್ಚು ಬೇರೆ.

ಒರೆಸಿದರೆ ಐದೇ ನಿಮಿಷಕ್ಕೆ ಮತ್ತೆ ಕೂಡುತ್ತದೆ, ಸಾಲದ್ದಕ್ಕೆ ಟ್ರೈಪಾಡ್ ಅಲುಗುತ್ತದೆ. ಲೆನ್ಸಿನ ಮುಂದಿನ ಹುಡ್ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಅಂಟಿಸಿದ್ದೂ ಆಯಿತು. ಬಯಲ ಗಾಳಿಯ ಮುಂದೆ ಅದರ ಆಟ ನಡೆಯದು. ಕೈ ಬೆಚ್ಚಗಿಡುವ ಪೊಟ್ಟಣವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಗಾಳಿ ಸಿಗದೆ ಆರಿಹೋಗುತ್ತದೆ. ಬಿಸಿ ಮಾಡಲು ಸುತ್ತಿದ ನಿಕ್ರೋಮ್ ತಂತಿಯಂತೂ ಹುಡ್‌ನ ಅಂಚನ್ನೇ ಕರಗಿಸಿತು.

ಕೊನೆಗೆ ಕೆಲಸ ಕೊಟ್ಟದ್ದು ಪುಣೆಯ ಬುಧವಾರ ಪೇಠೆಯಲ್ಲಿ ತಂದ ರೆಸಿಸ್ಟರ್‌ಗಳಿಂದ (ಕರೆಂಟು ಹರಿದರೆ ಬಿಸಿಯಾಗುವ ಬಿಡಿಭಾಗ) ಮಾಡಿದ, ಲೆನ್ಸಿಗೆ ಸುತ್ತುವ ಹೀಟರ್ ಪಟ್ಟಿ. "ಏನ್ರಿ, ಲೆನ್ಸಿಗೂ ಸ್ವೆಟರಾ?" ಎಂದು ನಕ್ಕವರೇ ಈಗ ಅಳತೆ ಕೇಳುತ್ತಾರೆ. 47 ಓಮ್, 1 ವ್ಯಾಟಿನವು ಹತ್ತು. ಎರಡು ತಂತಿಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ, ಎರಡೂವರೆ ಸೆಂಟಿಮೀಟರಿಗೊಂದರಂತೆ ಬೆಸುಗೆ. ಕಾಲು ವ್ಯಾಟಿನವು ಅಗ್ಗ, ಆದರೆ ಒಂದೊಂದರ ಮೇಲೂ ಅರ್ಧ ವ್ಯಾಟ್ ಬೀಳುವುದರಿಂದ ಸುಟ್ಟು ವಾಸನೆ ಬರುತ್ತದೆ. ಪವರ್ ಬ್ಯಾಂಕಿಗೆ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ: 4.7 ಓಮ್ ಆಸುಪಾಸು ಬರಬೇಕು. 5.2 ತೋರಿಸಿದರೆ ಎಲ್ಲೋ ಒಂದು ಬೆಸುಗೆ ಹಿಡಿದಿಲ್ಲ. ಸೊನ್ನೆಯ ಹತ್ತಿರವಿದ್ದರೆ ಶಾರ್ಟ್, ಚುಚ್ಚಲೇಬೇಡಿ. ಒಳಗೆ ಹತ್ತಿ ಪಟ್ಟಿ, ಹೊರಗೆ ಹಳೆ ಯೋಗಾ ಮ್ಯಾಟಿನ ತುಂಡು, ವೆಲ್ಕ್ರೋ. ಎಲ್ಲ ಸೇರಿ 250 ರೂಪಾಯಿ ದಾಟಿರಲಿಕ್ಕಿಲ್ಲ. 5 ವೋಲ್ಟಿಗೆ ಒಂದು ಆಂಪಿಯರ್ ಎಳೆಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಐದೂವರೆ ತಾಸು ಬರುತ್ತದೆ.

ಪಟ್ಟಿಯನ್ನು ಮುಂಭಾಗದ ಗಾಜಿನ ಸುತ್ತ ಕಟ್ಟಬೇಕು, ಫೋಕಸ್ ರಿಂಗ್ ಮೇಲಲ್ಲ. ಇಬ್ಬನಿ ಕೂಡುವ ಮೊದಲೇ ಹಚ್ಚಬೇಕು. ಲೆನ್ಸ್ ಬೆಚ್ಚಗಾದರೆ ಫೋಕಸ್ ಸರಿಯುತ್ತದೆ. ಮೊದಲ ಸಲ ಫೋಕಸ್ ಮಾಡಿ ಆಮೇಲೆ ಹೀಟರ್ ಹಚ್ಚಿದ್ದಕ್ಕೆ ನಕ್ಷತ್ರಗಳೆಲ್ಲ ನೆನೆದ ಸಾಬೂದಾಣಿಯಂತೆ ಊದಿದ್ದವು. ಈಗ ಇಪ್ಪತ್ತು ನಿಮಿಷ ಕಾಯಿಸಿ, ಲೈವ್ ವ್ಯೂ ದೊಡ್ಡದು ಮಾಡಿ ಹೊಳೆಯುವ ಒಂದು ನಕ್ಷತ್ರಕ್ಕೆ ಫೋಕಸ್, ಆಮೇಲೆ ರಿಂಗಿಗೆ ಟೇಪು.

ಕಾಯುವ ಆ ಇಪ್ಪತ್ತು ನಿಮಿಷದಲ್ಲಿ ಟ್ರ್ಯಾಕರ್, ಅಂದರೆ ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಯಂತ್ರ, ಕೂಡಿಸಿಕೊಳ್ಳಬಹುದು. ಅದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ಪುಣೆಯಿಂದ ಧ್ರುವ ನಕ್ಷತ್ರ ಕಾಣುವುದು 18.5 ಡಿಗ್ರಿ ಎತ್ತರದಲ್ಲಿ, ಅಂದರೆ ಬಹಳ ಸಲ ಗುಡ್ಡದ ಹಿಂದೆ ಇಲ್ಲವೇ ಧೂಳಿನಲ್ಲಿ. ಫೋನಿನ ದಿಕ್ಸೂಚಿ ಮತ್ತು ಓರೆ ಅಳತೆಯಿಂದಲೇ ಹೊಂದಿಸುತ್ತೇನೆ. ಸೂಜಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ವ್ಯತ್ಯಾಸ ಒಂದು ಡಿಗ್ರಿಗೂ ಕಡಿಮೆ. ಗಾಡಿಯ ಕಬ್ಬಿಣ ಸೂಜಿಯನ್ನು ಎಳೆಯುತ್ತದೆ, ದೂರ ನಿಂತು ನೋಡಬೇಕು. 24 ಮಿ.ಮೀ. ಲೆನ್ಸಿಗೆ ಒಂದು ನಿಮಿಷದ ಎಕ್ಸ್‌ಪೋಶರ್ ತಡೆಯುತ್ತದೆ. 85 ಮಿ.ಮೀ. ಲೆನ್ಸಿಗೆ ಈ ಹೊಂದಿಕೆ ಸಾಲದು, ಹಟ ಮಾಡಿ ನೋಡಿದ್ದೇನೆ.

ಮೇ ಕೊನೆಗೆ ರಾಜಮಾಚಿ, ಪುರುಷವಾಡಿ ಕಡೆ ಮಿಂಚುಹುಳ ತೆಗೆಯಲೂ ಇದೇ ಪಟ್ಟಿ. ಮಳೆಗೆ ಮುಂಚಿನ ಸೆಕೆಯಲ್ಲೂ ಗಾಜು ಬೆವರುತ್ತದೆ. ಪವರ್ ಬ್ಯಾಂಕಿನ ಮಿಣುಕು ದೀಪಕ್ಕೆ ಕಪ್ಪು ಟೇಪು ಹಚ್ಚಿ. ಬೆಳಕಿದ್ದಲ್ಲಿ ಹುಳ ಮಿನುಗುವುದು ಕಡಿಮೆ. 15 ಸೆಕೆಂಡಿನ ನೂರೈವತ್ತು ಫ್ರೇಮ್ ಎಡಿಟಿಂಗ್ ಸಾಫ್ಟ್‌ವೇರಿನ ಲೈಟನ್ ಮೋಡಿನಲ್ಲಿ (ಪ್ರತಿ ಫ್ರೇಮಿನ ಹೊಳೆಯುವ ಚುಕ್ಕೆಗಳನ್ನಷ್ಟೇ ಉಳಿಸುವುದು) ಕೂಡಿಸಿದರೆ ಸಾಕು. ಯಾವ ಹೊತ್ತಿನ ಫ್ರೇಮ್ ಇಟ್ಟುಕೊಳ್ಳಬೇಕು, ಒಂದು ಫ್ರೇಮೂ ಅಲುಗದ ಹಾಗೆ ನಡುರಾತ್ರಿ ಪವರ್ ಬ್ಯಾಂಕ್ ಬದಲಿಸುವುದು ಹೇಗೆ, ಇವೆರಡನ್ನು ತಲೆಗೆ 2,500 ಕೊಟ್ಟು ವರ್ಕ್‌ಶಾಪಿಗೆ ಬಂದವರಿಗಷ್ಟೇ ಹೇಳುತ್ತೇನೆ.