ಇಸಿಲರ ಹಟ್ಟಿ: ಗೇಮ್‌ಗೆ ಒಂದು ಬುಡಕಟ್ಟು ಕಟ್ಟಿದ ಬಗೆ

ದಾವಣಗೆರೆಯಲ್ಲಿ ನಾವು ನಾಲ್ಕು ಜನ ಸೇರಿ ಮಾಡುತ್ತಿರುವ ಪಿಸಿ ಗೇಮ್‌ನಲ್ಲಿ ಕುರಿ ಸಾಕುವ ಒಂದು ಬುಡಕಟ್ಟು ಬರುತ್ತದೆ. ಹೆಸರು ಇಸಿಲರು. ಜನ ಪೂರಾ ಕಲ್ಪಿತ, ಆದರೆ ಅವರ ಹಟ್ಟಿ, ಹೊದಿಕೆ, ವಾದ್ಯ, ಕಟ್ಟುಪಾಡಿನ ಬೇರು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿದೆ. ಬುಡಕಟ್ಟು ಎಂದ ಕೂಡಲೇ ಮುಖಕ್ಕೆ ಬಣ್ಣ, ತಲೆಗೆ ಗರಿ, ಮೈಗೆ ಹಚ್ಚೆ ಬರೆಯಲು ಕೂರುವುದು ಗೇಮ್ ಮಾಡುವವರ ರೂಢಿ. ಫಾರ್ ಕ್ರೈ 3ರ (2012) ರಕ್ಯಾತ್ ಜನರನ್ನೇ ನೋಡಿ: ಹೆಸರು ಮಲಯ ಭಾಷೆಯಲ್ಲಿ ‘ಜನ’ ಎನ್ನುವ ಪದ, ಹಚ್ಚೆ ನೆನಪಿಸುವುದು ನ್ಯೂಜಿಲೆಂಡಿನ ಮಾವೋರಿಗಳನ್ನು. ನೋಡಲು ಚೆನ್ನ, ನೆಲ ಮಾತ್ರ ಇಲ್ಲ. ನಾವು ಮೂರು ಪ್ರಶ್ನೆ ಹಿಡಿದುಕೊಂಡೆವು. ಇವರು ಏನು ಮೇಯಿಸುತ್ತಾರೆ? ರಾತ್ರಿ ಅದನ್ನು ಎಲ್ಲಿ ಕೂಡಿಹಾಕುತ್ತಾರೆ? ಏನನ್ನು ಮುಟ್ಟುವುದಿಲ್ಲ? ಈ ಮೂರಕ್ಕೆ ಉತ್ತರ ಸಿಕ್ಕರೆ ಬಟ್ಟೆ, ಮನೆ, ಜಗಳ, ಹಬ್ಬ ಅದರ ಹಿಂದೆಯೇ ಬರುತ್ತವೆ.

ಹೆಸರಿನದೇ ಒಂದು ಕೆಲಸ. ಹತ್ತು ಹೆಸರು ಬರೆದುಕೊಂಡು ಪರಿಶಿಷ್ಟ ಪಂಗಡಗಳ ಪಟ್ಟಿ, ಹಿಂದುಳಿದ ವರ್ಗಗಳ ಪಟ್ಟಿ, ಊರುಗಳ ಪಟ್ಟಿ ಎಲ್ಲಕ್ಕೂ ತಾಳೆ ಹಾಕಿದೆವು. ಅಷ್ಟಾದರೂ ಒಂದು ಹೆಸರು ನಿಜವಾದ ಬೆಡಗಿನದೇ, ಅಂದರೆ ಜಾತಿಯೊಳಗಿನ ಒಂದು ವಂಶದ್ದೇ ಆಗಿತ್ತು. ಬೆಡಗುಗಳು ಈ ಪಟ್ಟಿಗಳಲ್ಲಿ ಇರುವುದಿಲ್ಲ, ಹಟ್ಟಿಯ ಹಿರಿಯರನ್ನೇ ಕೇಳಬೇಕು. ಕೊನೆಗೆ ಉಳಿದದ್ದು ಇಸಿಲ: ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಬರುವ ಊರಿನ ಹೆಸರು. ಎರಡು ಸಾವಿರ ವರ್ಷಕ್ಕೂ ಹಿಂದಿನದು, ಇವತ್ತು ಯಾರ ಜಾತಿಗೂ ಕುಲಕ್ಕೂ ಅಂಟಿಕೊಂಡಿಲ್ಲ. ಮಾತಿಗೆ ಫಾರ್ ಕ್ರೈ ಪ್ರೈಮಲ್‌ನವರು (2016) ಭಾಷಾವಿಜ್ಞಾನಿಗಳಿಂದ ಇಡೀ ಭಾಷೆಯನ್ನೇ ಕಟ್ಟಿಸಿದರು. ನಮ್ಮ ಕೈಲಿ ಆದದ್ದು 140 ಪದ: ಮಹಾಪ್ರಾಣ ಇಲ್ಲ, ಶ–ಷ ಇಲ್ಲ, ಪ್ರತಿ ಪದವೂ ಸ್ವರದಲ್ಲೇ ಮುಗಿಯಬೇಕು. ಉಳಿದ ಸಂಭಾಷಣೆ ಕನ್ನಡದಲ್ಲೇ ಇದೆ. ನಾಯಕನಿಗೆ ಪುಸ್ತಕದ ಕನ್ನಡ, ಹಟ್ಟಿಯವರಿಗೆ ನಗಿಸುವ ಹಳ್ಳಿ ಕನ್ನಡ ಕೊಡುವುದನ್ನು ಮೊದಲ ದಿನವೇ ಬೇಡವೆಂದೆವು. ಅದರಷ್ಟು ಅವಮಾನ ಬೇರೆ ಇಲ್ಲ.

ಹೆಚ್ಚು ದಿನ ಹಿಡಿದದ್ದು ಕಂಬಳಿ. ಕರಿ ಕಂಬಳಿ ಕಣ್ಣ ಹತ್ತಿರ ಹಿಡಿದರೆ ಕರಿಯಲ್ಲ: ಕಂದು, ಬೂದು, ನಡುನಡುವೆ ಒಂದೊಂದು ಬಿಳಿ ಎಳೆ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಹಾಕಿರುತ್ತಾರೆ, ಹಾಗಾಗಿ ಹೊಸ ಕಂಬಳಿ ಒರಟು. ಬಗ್ಗಿಸಿದರೆ ದೊಡ್ಡ ಮಡಿಕೆ ಬೀಳುತ್ತದೆ, ಸೀರೆಯ ಹಾಗೆ ಸಣ್ಣ ನಿರಿಗೆ ಬೀಳುವುದಿಲ್ಲ. ಮೋಡ ಕವಿದ ಬೆಳಗ್ಗೆ ಗೋಡೆಗೆ ಬಿಗಿಯಾಗಿ ಕಟ್ಟಿ ಫೋಟೊ ತೆಗೆದು 2048 ಪಿಕ್ಸೆಲ್ ಅಳತೆಯ ಟೆಕ್ಸ್ಚರ್ (ಮಾಡೆಲ್ ಮೇಲೆ ಹೊದಿಸುವ ಚಿತ್ರ) ಮಾಡಿದೆವು. ಮೊದಲ ತಪ್ಪು, ಬಣ್ಣಕ್ಕೆ ಶುದ್ಧ ಕಪ್ಪು ಕೊಟ್ಟದ್ದು. ಮಡಿಕೆಗಳೆಲ್ಲ ಮಾಯವಾಗಿ ತೂತಿನ ಹಾಗೆ ಕಂಡಿತು. ಕೆಂಪು 38, ಹಸಿರು 33, ನೀಲಿ 30ರ ಆಸುಪಾಸಿಗೆ ತಂದಾಗ ಸರಿಯಾಯಿತು. ಎರಡನೆಯದು, ಟೆಕ್ಸ್ಚರ್ ಮರುಕಳಿಸುವಾಗ ಆ ಬಿಳಿ ಎಳೆಗಳು ಅಳೆದಿಟ್ಟ ಚುಕ್ಕಿ ಸಾಲಿನಂತೆ ಕಂಡವು. ಅವನ್ನು ಅಳಿಸಿ, ಬೇರೆ ಪದರ (ಮಾಸ್ಕ್) ಮಾಡಿ, ಬೇರೆ ಅಳತೆಯಲ್ಲಿ ಮೇಲೆ ಹರಡಬೇಕು. ಮೇಲ್ಮೈ ಎಷ್ಟು ಮಂಕು ಎಂದು ಹೇಳುವ ರಫ್‌ನೆಸ್ ಅಂಕಿಯನ್ನು 0.95ಕ್ಕಿಂತ ಇಳಿಸಿದರೆ ಉಣ್ಣೆ ಪ್ಲಾಸ್ಟಿಕ್ ಆಗುತ್ತದೆ.

ಮಳೆ ಬಂದರೆ ಕುರಿಗಾಹಿ ಕಂಬಳಿಯನ್ನು ಕೊಪ್ಪೆ ಮಾಡಿಕೊಳ್ಳುತ್ತಾನೆ. ಒಂದು ತುದಿ ಮಡಿಚಿ ತ್ರಿಕೋನ ಮಾಡಿ ತಲೆಗೆ ಹಾಕಿದರೆ ಮಿಕ್ಕದ್ದು ಬೆನ್ನ ಮೇಲೆ ಇಳಿಯುತ್ತದೆ. ದೂರದ ಗುಡ್ಡದ ಮೇಲೆ ಆ ಆಕಾರ ಕಂಡರೆ ಸಾಕು, ಆಡುವವನಿಗೆ ಇವರು ಯಾರೆಂದು ತಿಳಿಯಬೇಕು. ಹಚ್ಚೆ ಮಾಡಲಾಗದ ಕೆಲಸವನ್ನು ಕೊಪ್ಪೆ ಮಾಡಿತು. ಬಟ್ಟೆಯ ಸಿಮ್ಯುಲೇಶನ್ ಹಾಕಿದಾಗ ತಲೆ ಕಂಬಳಿ ತೂರಿ ಹೊರಬಂತು, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೆ ಬರುವ ಫ್ರೇಮ್ 60ರಿಂದ 22ಕ್ಕೆ ಇಳಿಯಿತು. ಹಾಗಾಗಿ ಹೆಗಲ ಮೇಲಿನ ಕಂಬಳಿ ಒಂದು ಮಾಡೆಲ್, ಕೊಪ್ಪೆ ಇನ್ನೊಂದು. ತೋಳು ಮುಖಕ್ಕೆ ಅಡ್ಡ ಬರುವ 0.4 ಸೆಕೆಂಡಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬೆನ್ನಿನ ಭಾಗಕ್ಕೆ ಮಾಡೆಲನ್ನು ಬಗ್ಗಿಸುವ ಆರು ‘ಮೂಳೆ’ ಸಾಕು. ನೆನೆದ ಕಂಬಳಿ ಎಂದು ಹೊಳಪು ಕೊಡಬೇಡಿ. ಉಣ್ಣೆಯ ಜಿಡ್ಡು ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಹನಿ ಕೂದಲ ತುದಿಯಲ್ಲೇ ನಿಲ್ಲುತ್ತದೆ. ಬಣ್ಣ ಸ್ವಲ್ಪ ಗಾಢವಾದರೆ ಸಾಕು.

ಹಟ್ಟಿಗೆ ಮುಳ್ಳುಬೇಲಿ, ನಡುವೆ ಕುರಿ ರೊಪ್ಪ. ಇಲ್ಲಿ ಎಲ್ಲರೂ ಎಡವುವುದು ಗಿಡದಲ್ಲಿ. ಇವತ್ತು ಚಳ್ಳಕೆರೆ ದಾರಿಯುದ್ದಕ್ಕೂ ಕಾಣುವ ಬಳ್ಳಾರಿ ಜಾಲಿ ಅಮೆರಿಕದ ಮೂಲದ್ದು, 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಹಳೇ ಕಾಲದ ಕಥೆಯಾದರೆ ಕರಿಜಾಲಿ, ಕಾರೆ ಹಾಕಬೇಕು. ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿಯ ಮೂಲವೂ ಅಮೆರಿಕವೇ. ಇಸಿಲರ ಅಡುಗೆಯಲ್ಲಿ ನವಣೆ, ಸಾಮೆ, ರಾಗಿ, ಕಾಳುಮೆಣಸು ಮಾತ್ರ.

ರೊಪ್ಪದ ಬಾಯಿ 1.2 ಮೀಟರ್ ಇಟ್ಟಿದ್ದೆವು. ಸಂಜೆ 40 ಕುರಿ ಒಟ್ಟಿಗೆ ಬಂದು ಅಲ್ಲೇ ಸಿಕ್ಕಿಕೊಂಡವು, ಒಂದನ್ನೊಂದು ತಪ್ಪಿಸಲು ಹೋಗಿ ಯಾವುದೂ ಒಳಗೆ ಹೋಗಲಿಲ್ಲ. ಬಾಯಿ ದೊಡ್ಡದು ಮಾಡುವುದು ಸುಲಭದ ಪರಿಹಾರ. ಆದರೆ ಕುರಿಗಾಹಿಗಳು ಒಂದೊಂದಾಗಿ ಒಳಬಿಟ್ಟು ಎಣಿಸುತ್ತಾರೆ. ನಾವು ಬಾಯಿಯನ್ನು 0.9 ಮೀಟರ್‌ಗೆ ಇಳಿಸಿ, ಹೊರಗೆ ಐದು ಸರದಿ ಬಿಂದು ಇಟ್ಟು, ಒಂದು ದಾಟಿದ ಮೇಲೇ ಇನ್ನೊಂದಕ್ಕೆ ಅಪ್ಪಣೆ ಕೊಟ್ಟೆವು. ಸಿಕ್ಕು ಬಿಟ್ಟಿತು, ಜೊತೆಗೆ ಎಣಿಕೆಯ ಆಟವೂ ಸಿಕ್ಕಿತು: ಒಂದು ಕುರಿ ಕಡಿಮೆಯಾದರೆ ಕತ್ತಲಾಗುವ ಮೊದಲು ಹುಡುಕಿ ತರಬೇಕು.

ಏನನ್ನು ಮುಟ್ಟುವುದಿಲ್ಲ ಎಂಬ ಮೂರನೇ ಪ್ರಶ್ನೆಯದು ಸೂಕ್ಷ್ಮ ವಿಷಯ. ಈ ಸೀಮೆಯ ಬುಡಕಟ್ಟಾದ ಮ್ಯಾಸಬೇಡರು ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಅವರ ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಕಿಲಾರಿಗಳೆಂಬ ದನಗಾಹಿಗಳು ಕಾಯುತ್ತಾರೆ. ಕೋಳಿಯನ್ನೇ ಎತ್ತಿ ಗೇಮ್‌ಗೆ ಹಾಕಿದರೆ ಒಂದು ಜನದ ನಿಷ್ಠೆ ಆಟಿಕೆಯಾಗುತ್ತದೆ. ನಾವು ವಸ್ತುವನ್ನು ಬಿಟ್ಟು ಕಟ್ಟುಪಾಡು ನಡೆಯುವ ರೀತಿಯನ್ನಷ್ಟೇ ತೆಗೆದುಕೊಂಡೆವು. ಇಸಿಲರಿಗೆ ಮೀನು ನಿಷಿದ್ಧ. ಚೀಲದಲ್ಲಿ ಮೀನಿಟ್ಟುಕೊಂಡು ಬಂದರೆ ಯಾರೂ ಕತ್ತಿ ಹಿರಿಯುವುದಿಲ್ಲ, ಬಾಗಿಲು ಹಾಕುತ್ತಾರೆ, ಮಾತು ಬಿಡುತ್ತಾರೆ. ಊರಾಚೆ ಕೆರೆಯ ದಂಡೆಯಲ್ಲಿ ಮೂರು ದಿನ ಕಳೆದು ಬರಬೇಕು. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ, ಹೆತ್ತ ಹೆಂಗಸರನ್ನು ಹೊರಗಿಡುವ ಪದ್ಧತಿಯನ್ನು ಮುಟ್ಟಲೇ ಇಲ್ಲ. ಅದರಿಂದ ನಿಜವಾದ ಹೆಣ್ಣುಮಕ್ಕಳು ಕಷ್ಟಪಟ್ಟಿದ್ದಾರೆ, ಅದು ಅಲಂಕಾರವಲ್ಲ.

ವಾದ್ಯಕ್ಕೆ ಉರುಮೆ, ಎರಡು ಮುಖದ ಚರ್ಮವಾದ್ಯ. ಅದರ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಬರುವ ಗುಂಯ್‌ಗುಡುವ ದನಿಯೇ ಜೀವ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಅದು ತಾನಾಗಿ ಮಟ್ಟ ಏರಿಳಿಸಿ ಉಜ್ಜುವ ದನಿಯನ್ನು ಪೆಟ್ಟಿನಷ್ಟೇ ಜೋರು ಮಾಡಿಬಿಡುತ್ತದೆ. ಎರಡು ಮುಖಕ್ಕೂ 30 ಸೆಂ.ಮೀ. ದೂರದಲ್ಲಿ ಒಂದೊಂದು ಮೈಕ್, 48 ಕಿಲೋಹರ್ಟ್ಸ್, 24 ಬಿಟ್. ಎರಡನ್ನೂ ಕೂಡಿಸಿದಾಗ ತಗ್ಗಿನ ದನಿ ಸೊರಗಿದರೆ ಒಂದರ ಪೊಲಾರಿಟಿ (ಅಲೆಯ ಏರಿಳಿತದ ದಿಕ್ಕು) ತಿರುಗಿಸಿ. ಚರ್ಮಗಳು ಎದುರುಬದುರು ಇರುವುದರಿಂದ ಅಲೆಗಳು ಒಂದನ್ನೊಂದು ಕಳೆಯುತ್ತವೆ.

ಬಾರಿಸುವವರನ್ನು ಮೊದಲೇ ಕೇಳಬೇಕಾದದ್ದು ಒಂದಿದೆ: ಇದರಲ್ಲಿ ದೇವರ ಮುಂದೆ ಮಾತ್ರ ಬಾರಿಸುವ ಗತ್ತು (ಬಡಿತದ ಮಟ್ಟು) ಯಾವುದು? 1998ರ ಜೆಲ್ಡಾ ಗೇಮ್‌ನ ಬೆಂಕಿ ಗುಡಿಯ ಸಂಗೀತದಲ್ಲಿ ಇಸ್ಲಾಮಿನ ಪ್ರಾರ್ಥನೆಯ ಸಾಲು ಸೇರಿಹೋಗಿ, ಮುಂದಿನ ಆವೃತ್ತಿಗಳಲ್ಲಿ ತೆಗೆದರು. ಅಸಾಸಿನ್ಸ್ ಕ್ರೀಡ್ 3ರವರು (2012) ಮೊಹಾಕ್ ಸಲಹೆಗಾರರ ಮಾತು ಕೇಳಿ ಪೂಜೆಯ ಮುಖವಾಡಗಳನ್ನು ಮೊದಲೇ ಕೈಬಿಟ್ಟರು. ನೆವರ್ ಅಲೋನ್ (2014) ಇನ್ನೂ ಮುಂದೆ ಹೋಗಿ ಅಲಾಸ್ಕಾದ ಇನ್ಯೂಪಿಯಾಟ್ ಜನರ ಜೊತೆ ಸೇರಿಯೇ ತಯಾರಾಯಿತು. ನಮ್ಮ ಕಾಸಿಗೆ ಅಷ್ಟು ಆಗದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ ಹೇಳುವುದು, ಆ ದಿನದ ಸಂಭಾವನೆ ಅಂದೇ ಕೈಗೆ ಕೊಡುವುದು, ಬಿಡುಗಡೆಯ ತನಕ ಯಾವುದನ್ನಾದರೂ ತೆಗೆಸುವ ಹಕ್ಕು ಅವರಿಗೇ ಬಿಡುವುದು, ಇಷ್ಟನ್ನು ಮಾಡಿದೆವು. ಐದು ಗತ್ತುಗಳಲ್ಲಿ ಎರಡನ್ನು ತೆಗೆಸಿದರು. ಆ ಫೈಲುಗಳನ್ನು ಪ್ರಾಜೆಕ್ಟ್‌ನಿಂದಲೂ ಬ್ಯಾಕಪ್‌ನಿಂದಲೂ ಅಳಿಸಿದ್ದೇವೆ. ಇಸಿಲರ ಹಬ್ಬದ ದೃಶ್ಯ ಈಗ ಉಳಿದ ಮೂರು ಗತ್ತು ಮತ್ತು ಕುರಿಗಂಟೆಗಳ ಮೇಲೆ ನಡೆಯುತ್ತದೆ.