ಮನೆಗೆ ಬಂದ ಮೂರನೇ ದಿನವೇ ಜ್ವರ! ದತ್ತು ಮಗು ಹುಷಾರು ತಪ್ಪಿದರೆ ಏನು ಮಾಡಬೇಕು?

ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಮತ್ತು ಅವನ ಹೆಂಡತಿ ನಮ್ಮ ದೇಶದ ಮಗುವನ್ನೇ ದತ್ತು ತೆಗೆದುಕೊಂಡರು. ಮಗುವನ್ನು ಹೊರದೇಶಕ್ಕೆ ದತ್ತು ಕೊಡಲು ಅಡ್ಡಿಯಿಲ್ಲ ಅನ್ನುವ ಸರ್ಕಾರಿ ಪತ್ರ (ಎನ್‌ಒಸಿ) ಸಿಕ್ಕ ಮೇಲೆ, ಜಿಲ್ಲಾಧಿಕಾರಿಯ ದತ್ತು ಆದೇಶ ಬರುವ ತನಕ, ಮಗುವನ್ನು ಇಲ್ಲೇ ಜೊತೆಗಿಟ್ಟುಕೊಳ್ಳಲು ಅವಕಾಶವಿದೆ. ಹಾಗೆ ಒಂದೂವರೆ ವರ್ಷದ ಕೂಸು ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಬಂತು. ಮೂರನೇ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರು. "ಅಕ್ಕಾ, ಮೈ ಕೆಂಡದ ಹಾಗೆ ಸುಡ್ತಾ ಇದೆ!"

ಜ್ವರ, ಭೇದಿ ಯಾವ ಮಗುವಿಗೆ ಬರಲ್ಲ ಹೇಳಿ? ಇಲ್ಲಿ ಕಷ್ಟ ಬೇರೆ. ಮಗು ಚೆನ್ನಾಗಿದ್ದಾಗ ಹೇಗಿರುತ್ತದೆ ಅನ್ನುವುದೇ ಹೊಸ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ.

ಅದಕ್ಕೇ ಮೊದಲ ಕೆಲಸ ದತ್ತು ಕೇಂದ್ರದಲ್ಲೇ ಆಗಬೇಕು. ವೈದ್ಯಕೀಯ ವರದಿ, ಲಸಿಕೆ ಕಾರ್ಡ್ ತೆಗೆದುಕೊಳ್ಳಿ. ಆಮೇಲೆ ಆಯಾ ಹತ್ತಿರ ಕೂತು ಮಾತಾಡಿ. ಯಾವ ಹಾಲು, ಎಷ್ಟು ಸಲ ಕಕ್ಕ, ಹೇಗೆ ಮಲಗಿಸುತ್ತಿದ್ದರು, ಯಾವ ಔಷಧಿ ಒಗ್ಗಲಿಲ್ಲ, ಎಲ್ಲ ಕೇಳಿ. "ಅವಳು ರಾತ್ರಿ ಅಳಲ್ಲ, ಬೆರಳು ಚೀಪ್ತಾಳೆ. ಅತ್ತರೆ ಏನೋ ಆಗಿದೆ ಅಂತ ತಿಳ್ಕೊಳ್ಳಿ" ಅಂದಿದ್ದರು ನಮ್ಮ ಕೂಸಿನ ಆಯಾ. ಯಾವ ವರದಿಯಲ್ಲೂ ಇರದ ಮಾತು ಅದು.

ಮನೆಗೆ ಬಂದ ದಿನವೇ ತೂಕ ನೋಡಿ ಬರೆದಿಡಿ, ಕೆಜಿಯಲ್ಲಿ. ಪ್ಯಾರಾಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಆರು ಗಂಟೆ ಬಿಟ್ಟು ಇನ್ನೊಂದು ಸಲ, ದಿನಕ್ಕೆ ನಾಲ್ಕು ಸಲ ಮೀರಬಾರದು. ನಮ್ಮ ಕೂಸು 8 ಕೆಜಿ, ಅಂದರೆ ಹೆಚ್ಚೆಂದರೆ 120 ಮಿಲಿಗ್ರಾಂ. ಸರಿ, ಎಷ್ಟು ಎಂಎಲ್? ಅಲ್ಲೇ ಎಡವುವುದು. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಎಂಎಲ್. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಬಾಟಲಿಯಾದರೆ 2.4 ಎಂಎಲ್ ಸಾಕು. 1 ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.2 ಎಂಎಲ್ ಮಾತ್ರ. ಚಮಚದ ಅಂದಾಜು ಬೇಡ, ಸೂಜಿಯಿಲ್ಲದ ಸಿರಿಂಜಲ್ಲಿ ಅಳೆಯಿರಿ.

ತಮ್ಮನ ಸೂಟ್‌ಕೇಸಿನಲ್ಲಿ ಅಮೆರಿಕದ ಅಸಿಟಮಿನೋಫೆನ್ ಬಾಟಲಿ ಇತ್ತು. ಅವನ ಹೆಂಡತಿ ಅದನ್ನು ಕೊಟ್ಟಾಗಿತ್ತು. ನಾನು ಇಲ್ಲಿನ ಪ್ಯಾರಾಸಿಟಮಾಲ್ ಕೈಗೆತ್ತಿಕೊಂಡಿದ್ದೆ. ಎರಡೂ ಒಂದೇ ಔಷಧಿ, ಹೆಸರು ಮಾತ್ರ ಬೇರೆ! ಲೇಬಲ್ ಓದದೆ ಇದ್ದಿದ್ದರೆ ಡಬಲ್ ಡೋಸ್ ಆಗುತ್ತಿತ್ತು. ಅವತ್ತಿನಿಂದ ಫ್ರಿಜ್ ಮೇಲೆ ಒಂದು ಚೀಟಿ: ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರು ಯಾರು.

ಊಟ, ನೀರು ಬದಲಾಗಿ ಭೇದಿಯಾದರೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು. ಅರ್ಧ ಪ್ಯಾಕೆಟ್ ಲೆಕ್ಕ ಬೇಡ. 24 ಗಂಟೆ ಕಳೆದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಎಂಎಲ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಜಿಂಕ್ ಔಷಧಿಯನ್ನು ಡಾಕ್ಟರ್ ಬರೆದುಕೊಡುತ್ತಾರೆ, 14 ದಿನ ಪೂರ್ತಿ ಕೊಡಿ. ಊಟ ನಿಲ್ಲಿಸಬೇಡಿ. ಮೆತ್ತಗಿನ ಅನ್ನ, ರಾಗಿ ಸರಿ, ಕೇಂದ್ರದಲ್ಲಿ ತಿನ್ನುತ್ತಿದ್ದದ್ದೇ ಆದರೆ ಇನ್ನೂ ಒಳ್ಳೆಯದು.

ನೆಗಡಿಗೆ ಕೆಮ್ಮಿನ ಸಿರಪ್ ಬೇಡ. ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಅಂತ ಕೇಂದ್ರ ಸರ್ಕಾರವೇ 2025ರಲ್ಲಿ ಹೇಳಿದೆ. ನಮ್ಮಮ್ಮ ಬಜೆ ತೇಯಲು ಹೊರಟಿದ್ದರು, ಅದರ ಬದಲು ದೃಷ್ಟಿ ತೆಗೆಯಲು ಒಪ್ಪಿಸಿದೆವು! ಮಗು ನೋಡಲು ಬರುವ ನೆಂಟರಿಗೂ ಒಂದು ವಾರ ತಡೆಯಿರಿ ಅನ್ನಿ.

ಮೈ ಕೆರೆತ ಜಾಸ್ತಿಯಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಕಂಡರೆ ಕಜ್ಜಿ ಇರಬಹುದು. ಡಾಕ್ಟರಿಗೆ ತೋರಿಸಿ. ಮನೆಮಂದಿಗೆಲ್ಲ ಒಂದೇ ದಿನ ಮುಲಾಮು ಹಚ್ಚಬೇಕಾಗುತ್ತದೆ.

ಆರು ಗಂಟೆ ಉಚ್ಚೆಯೇ ಇಲ್ಲ, ಅತ್ತರೂ ಕಣ್ಣೀರಿಲ್ಲ, ಭೇದಿಯಲ್ಲಿ ರಕ್ತ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನ ಮಾತಿಲ್ಲ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ, ಇಲ್ಲವೇ ಹತ್ತಿರದ ಮಕ್ಕಳ ಡಾಕ್ಟರ್. ಗಾಡಿ ಇಲ್ಲದಿದ್ದರೆ 108. ಮೂರು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ತಕ್ಷಣ ಹೊರಡಿ. ಆಸ್ಪತ್ರೆಗೆ ಸೇರಿಸಿದರೆ ದತ್ತು ಕೇಂದ್ರಕ್ಕೂ ಫೋನ್ ಮಾಡಿ. ವೀಸಾ ತಡವಾಗುತ್ತದೆ ಅಂತ ಮುಚ್ಚಿಡಬೇಡಿ.

ನಮ್ಮ ಕೂಸಿನ ಜ್ವರ ಎರಡೇ ದಿನಕ್ಕೆ ಇಳಿಯಿತು. ಮೂರನೇ ದಿನ ಬೆಳಿಗ್ಗೆ ಇಡ್ಲಿ ಚೂರನ್ನು ತಟ್ಟೆಯಿಂದ ನೆಲಕ್ಕೆ ಎಸೆದು, ಎಲ್ಲರ ಮುಖ ನೋಡಿ ನಕ್ಕಳು.